ಶುಕ್ರವಾರಕ್ಕೆ ಬೀಳಬೇಕಾದ ರಜೆ

ಕ್ಯಾಲೆಂಡರನ್ನು ಕುಕ್ಕಪ್ಪನಷ್ಟು ಭಕ್ತಿಯಿಂದ ಓದಿದವರು ಪುತ್ತೂರು ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಅಲ್ಲಿಯ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಹೊಸ ಕ್ಯಾಲೆಂಡರ್ ಕೈಗೆ ಸಿಕ್ಕ ದಿನ ಊಟ ಬಿಟ್ಟು ಅದರ ಮುಂದೆ ಕೂರುತ್ತಿದ್ದ. ಯಾವ ಹಬ್ಬ ಶನಿವಾರದ ಪಕ್ಕ ಬಂದಿದೆ, ಎಲ್ಲಿ ಒಂದು ರಜೆ ಹಾಕಿದರೆ ಅದನ್ನು ಭಾನುವಾರಕ್ಕೆ ಗಂಟು ಹಾಕಬಹುದು, ಎಲ್ಲವೂ ಅವನಿಗೆ ಬಾಯಿಪಾಠ. ಹಬ್ಬ ಭಾನುವಾರವೇ ಬಿದ್ದರೆ ಮನೆಯಲ್ಲಿ ಸಾವಾದವನ ಹಾಗೆ ಮುಖ ಮಾಡುತ್ತಿದ್ದ. ಆ ಹಬ್ಬ ಯಾರದು, ಅವರು ಅವತ್ತು ಏನು ಮಾಡುತ್ತಾರೆ ಎಂಬ ವಿಚಾರಕ್ಕೆ ಮಾತ್ರ ಪುಣ್ಯಾತ್ಮ ಒಮ್ಮೆಯೂ ಹೋದವನಲ್ಲ.

ಹೀಗೆ ಗಂಟು ಹಾಕಿ ಹಾಕಿಯೇ ಅರವತ್ತೆರಡರ ಮಾರ್ಚಿ ಬರುವಷ್ಟರಲ್ಲಿ ಅವನ ಪಾಲಿನ ರಜೆಯೆಲ್ಲ ಖಾಲಿಯಾಗಿತ್ತು. ಜನವರಿ ಇಪ್ಪತ್ತಾರು ಶುಕ್ರವಾರ ಬಂದಿತೆಂದು ಶನಿವಾರ ರಜೆ ಹಾಕಿ ಮಂಗಳೂರಿಗೆ ಹೋಗಿ ಸಮುದ್ರ ನೋಡಿ ಬಂದಿದ್ದ. ನೋಡಲಿಕ್ಕೆ ಅಂಥಾದ್ದೇನೂ ಇರಲಿಲ್ಲ, ಬರೀ ನೀರು. ಆ ಒಂದು ದಿನಕ್ಕಾಗಿ ಈಗ ಅವನು ಕಣ್ಣೀರು ಹಾಕುವಂತಾಗಿತ್ತು.

ಯಾಕೆಂದರೆ ಚೊಚ್ಚಲ ಹೆರಿಗೆಗೆ ಗುತ್ತಿಗಾರಿನ ತವರಿಗೆ ಹೋಗಿದ್ದ ಹೆಂಡತಿ ದಮಯಂತಿಗೆ ಹೆಣ್ಣು ಮಗುವಾಗಿತ್ತು. ಅಲ್ಲಿಂದ ಮಾವ ಬೋಜಪ್ಪನವರ ಅಪ್ಪಣೆಯನ್ನು ಹೊತ್ತು ತಂದವನು ಪಕ್ಕದ ಮನೆಯ ಪೋಕರ್. ಗುತ್ತಿಗಾರಿಗೆ ಹೋಗುವ ಒಂದೇ ಒಂದು ಬಸ್ಸಿನ ಡ್ರೈವರ್ ಅವನು. ಬಸ್ಸು ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸು ಬರುತ್ತಿತ್ತು.

"ಶುಕ್ರವಾರ ಮಧ್ಯಾಹ್ನ ಹೆಸರಿಡುದಂತೆ ಕುಕ್ಕಪ್ಪಣ್ಣ. ನೀವು ಬಂದ್ರೆ ನಿಮ್ಮ ಇಷ್ಟದ ಹೆಸರು. ಬಾರದಿದ್ರೆ ನಿಮ್ಮ ಮಾವ ಅವರ ಅಮ್ಮನ ಹೆಸರು ಇಡ್ತಾರಂತೆ."

"ಅವರ ಅಮ್ಮನ ಹೆಸರು ಎಂತ?"

"ಅಕ್ಕು."

ಕುಕ್ಕಪ್ಪನಿಗೆ ಅನ್ನ ಸೇರಲಿಲ್ಲ. ಅವನು ಮಗಳಿಗೆ ಕುಮುದಿನಿ ಎಂದು ಹೆಸರು ಹುಡುಕಿಟ್ಟಿದ್ದ. ಒಬ್ಬನೇ ಇದ್ದಾಗ ಗೋಡೆಗೆ ಮುಖ ಮಾಡಿ 'ಕುಮುದಿನೀ' ಎಂದು ಕರೆದೂ ನೋಡಿದ್ದ. ಕುಕ್ಕಪ್ಪ ಎಂಬ ಹೆಸರು ಹೊತ್ತು ಶಾಲೆಗೆ ಹೋದವನಿಗೇ ಗೊತ್ತು ಆ ಸಂಕಟ. ಭಾನುವಾರ ಹೋಗಿ ಮಗುವನ್ನು ಎತ್ತಿಕೊಳ್ಳಬಹುದು ನಿಜ, ಆದರೆ ಅಷ್ಟು ಹೊತ್ತಿಗೆ ಅದು ಅಕ್ಕು ಆಗಿ ಹೋಗಿರುತ್ತದೆ. ಬೋಜಪ್ಪನವರು ಒಮ್ಮೆ ಹೇಳಿದ ದಿನವನ್ನು ಬದಲಿಸುವ ಪೈಕಿ ಅಲ್ಲ.

ಸೊಸೈಟಿಯ ಮ್ಯಾನೇಜರ್ ತ್ಯಾಂಪಣ್ಣನವರೂ ಅದೇ ಪೈಕಿ. "ಮಾರ್ಚಿಯಲ್ಲಿ ರಜೆ ಕೇಳ್ತಿಯಲ್ಲ, ನಿನಗೆಂತ ಮರುಳಾ ಮಾರಾಯ? ಶುಕ್ರವಾರ ರಂಜಾನ್ ಪೆರ್ನಾಲಿನ ರಜೆ ಉಂಟಲ್ಲ, ಅದರಲ್ಲಿ ಹೋಗು. ಆದ್ರೆ ಒಂದು ಮಾತು. ಊರಲ್ಲಿ ಪೆರ್ನಾಲ್ ಯಾವತ್ತೋ ಅವತ್ತೇ ನಮಗೂ ರಜೆ. ಬುಧವಾರ ಸಂಜೆ ಚಂದ್ರ ಕಂಡ್ರೆ ಪೆರ್ನಾಲ್ ಗುರುವಾರ. ಆಗ ಶುಕ್ರವಾರ ನೀನು ಇಲ್ಲಿ ಇರ್ಬೇಕು."

ಬುಧವಾರ ಚಂದ್ರ ಕಾಣಬಾರದು. ಇಷ್ಟೇ ಈಗ ಕುಕ್ಕಪ್ಪನ ಲೋಕ.

ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ತೊಳೆದಿಟ್ಟ ಹಿತ್ತಾಳೆ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಪೋಕರ್ ಡ್ಯೂಟಿಗೆ ಹೊರಟವನು ಬೇಲಿಯಾಚೆಯಿಂದ ನಕ್ಕ.

"ಇವತ್ತು ಚಂದ್ರ ಕಾಣ್ಲಿ ಅಂತ ನೀವೂ ಬೇಡಿಕೊಳ್ಳಿ ಕುಕ್ಕಪ್ಪಣ್ಣ. ಕಂಡ್ರೆ ನಮಗೂ ಒಳ್ಳೆದು, ನಿಮಗೂ ಒಳ್ಳೆದು." ಇಷ್ಟು ಹೇಳಿ ಅವಸರದಲ್ಲಿ ಹೊರಟೇ ಹೋದ.

ನನ್ನ ಕಷ್ಟ ನಿನಗೇನು ಗೊತ್ತು ಎಂದು ಕುಕ್ಕಪ್ಪ ಒಳಗೊಳಗೇ ಉರಿದ.

ಆಫೀಸಿನಲ್ಲಿ ಚನಿಯಪ್ಪ ಕಾದಿದ್ದ. ಎದುರು ಮೇಜಿನ ಗುಮಾಸ್ತ. ಗುರುವಾರ ಕಡಬದ ಕಡೆ ಎಲ್ಲೋ ಕೋಳಿ ಅಂಕ ಇತ್ತು, ಅವನ ಕೆಂಪು ಹುಂಜ ಜೀವ ಒತ್ತೆ ಇಟ್ಟು ಕಾಯುತ್ತಿತ್ತು. ಹಾಗಾಗಿ ಅವನಿಗೆ ಗುರುವಾರವೇ ರಜೆ ಬೇಕು.

"ಚಂದ್ರ ಕಾಣದಿದ್ರೆ ನಾವು ಕಾಣಿಸ್ಬೇಕು ಮಾರಾಯ. ನಿನ್ನ ಕಣ್ಣು ಉಂಟಲ್ಲ!"

ಕುಕ್ಕಪ್ಪನ ಕಣ್ಣು ಆ ಪೇಟೆಯಲ್ಲಿ ಹೆಸರುವಾಸಿ. ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡನ್ನು ಅವನು ಕಿಟಕಿಯಲ್ಲಿ ಕುಳಿತೇ ಓದುತ್ತಿದ್ದ. ತ್ಯಾಂಪಣ್ಣನವರ ಕೊಡೆಯ ತುದಿಯನ್ನು ದೂರದಿಂದಲೇ ಗುರುತಿಸಿ ಇಡೀ ಆಫೀಸಿನವರು ಎಲೆಯಡಿಕೆ ಉಗುಳಿ ಬರುವಷ್ಟು ಸಮಯ ಮಾಡಿಕೊಡುತ್ತಿದ್ದ. ಆ ಉಪಕಾರ ಹೀಗೆ ತಿರುಗಿ ಕಚ್ಚುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಚನಿಯಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಮಧ್ಯಾಹ್ನ ಹೋಗಿ ಜವಳಿ ಅಂಗಡಿಯ ಅಲಿ ಕುಂಞಿಯವರ ಕಿವಿಗೆ ಕುಕ್ಕಪ್ಪನ ಕಣ್ಣಿನ ಸಂಗತಿ ಹಾಕಿಬಂದ. ಪಳ್ಳಿಯ, ಅಂದರೆ ಮಸೀದಿಯ, ಹಿರಿಯರಲ್ಲಿ ಒಬ್ಬರಾದ ಅವರು ಸಂಜೆ ಸ್ವತಃ ಕುಕ್ಕಪ್ಪನ ಬಾಗಿಲಿಗೇ ಬಂದರು.

"ನೀವು ಗುಡ್ಡೆಗೆ ಬರ್ಬೇಕು ಮಾರಾಯ್ರೆ. ಪಶ್ಚಿಮದಲ್ಲಿ ಮೋಡ ಎದ್ದಿದೆ. ನಮ್ಮ ಕಣ್ಣು ಮುದಿ ಆಯ್ತು. ನೀವು ಬೆರಳು ತೋರಿಸಿದ್ರೆ ಸಾಕು, ಮತ್ತೆ ನಾವು ನೋಡಿಕೊಳ್ತೇವೆ."

"ನನಗೆ ತಲೆನೋವು..." ಎಂದು ಕುಕ್ಕಪ್ಪ ರಾಗ ಎಳೆಯುವಷ್ಟರಲ್ಲಿ ಪಕ್ಕದ ಜಗಲಿಯಿಂದ ಪೋಕರನ ತಾಯಿ ಅಲೀಮಮ್ಮ ಎದ್ದು ಬಂದರು. ಕೆಮ್ಮಿ ಕೆಮ್ಮಿ ಸೊರಗಿದ ಮುದುಕಿ, ಮಗ ಎಷ್ಟು ಬೇಡವೆಂದರೂ ರಂಜಾನಿನ ಒಂದು ಉಪವಾಸವನ್ನೂ ಬಿಟ್ಟಿರಲಿಲ್ಲ. ದಮಯಂತಿ ತವರಿಗೆ ಹೋದಾಗಿನಿಂದ ಕುಕ್ಕಪ್ಪನ ಮನೆಗೆ ಬಿಸಿ ಅಕ್ಕಿರೊಟ್ಟಿ ಕಳಿಸುತ್ತಿದ್ದವರೂ ಅವರೇ.

"ಹೋಗು ಮಗಾ. ನಿನ್ನ ಕಣ್ಣಿಗೆ ದೇವರು ಬಲ ಕೊಡ್ಲಿ. ಇನ್ನೊಂದು ದಿನ ನನ್ನಿಂದ ಆಗ್ಲಿಕ್ಕಿಲ್ಲ."

ಇನ್ನು ತಲೆನೋವಿನ ಮಾತೆಲ್ಲಿ? ಕುಕ್ಕಪ್ಪ ಗಲ್ಲಿಗೆ ಹೋಗುವವನಂತೆ ಬಿರುಮಲೆ ಗುಡ್ಡೆ ಹತ್ತಿದ. ಅವನು ಓಡಿಹೋಗದಂತೆ ಚನಿಯಪ್ಪ ಕೈ ಹಿಡಿದಿದ್ದ.

ಗುಡ್ಡೆಯ ಮೇಲೆ ದೊಡ್ಡ ಗುಂಪೇ ಇತ್ತು. ಬಸ್ಸು ನಿಲ್ಲಿಸಿ ನೇರ ಬಂದಿದ್ದ ಪೋಕರ್ ಎಲ್ಲರನ್ನೂ ಸರಿಸಿ ಕುಕ್ಕಪ್ಪನಿಗೆ ಮುಂದಿನ ಬಂಡೆಯ ಮೇಲೆ ಜಾಗ ಮಾಡಿಕೊಟ್ಟ. ಸೂರ್ಯ ಇಳಿದ. ಪಶ್ಚಿಮದಲ್ಲಿ ಬೂದು ಮೋಡ ಗೋಡೆಯಂತೆ ನಿಂತಿತ್ತು. ಕುಕ್ಕಪ್ಪ ಆ ಗೋಡೆಗೆ ಮನಸ್ಸಿನಲ್ಲೇ ಕೈಮುಗಿದ.

ಆಗ ಮೋಡ ಒಂದಿಷ್ಟು ಸೀಳಿತು. ಸೀಳಿನೊಳಗೆ, ಕತ್ತರಿಸಿ ಬಿಸಾಡಿದ ಉಗುರಿನ ಹಾಗೆ, ಚಂದ್ರ ಇದ್ದ.

ಕುಕ್ಕಪ್ಪ ಕಣ್ಣು ಕೆಳಗಿಳಿಸಿದ. ಅಕ್ಕಪಕ್ಕ ನೋಡಿದ. ಎಲ್ಲರೂ ಅವನ ಬೆರಳನ್ನೇ ಕಾಯುತ್ತಾ ಬೇರೆ ಬೇರೆ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಬೆರಳು ಏಳಲಿಲ್ಲ. ಅಲೀಮಮ್ಮನ ಕೆಮ್ಮು ನೆನಪಾಯಿತು. ಬೆರಳು ಸ್ವಲ್ಪ ಎದ್ದಿತು. ಅಕ್ಕು ನೆನಪಾಯಿತು, ಮತ್ತೆ ಮಡಚಿಕೊಂಡಿತು.

"ಎಂತ ಕಾಣ್ತದೆ?" ಅಲಿ ಕುಂಞಿ ಕೇಳಿದರು.

"ಮೋಡ."

"ಸರಿ ನೋಡಿ ಕುಕ್ಕಪ್ಪಣ್ಣ," ಪೋಕರ್ ಅಂಗಲಾಚಿದ. "ನಿಮಗೋಸ್ಕರ ಆದ್ರೂ ಕಾಣ್ಬೇಕಿತ್ತು."

"ಮೋಡವೇ ಉಂಟು ಪೋಕರ್," ಎಂದ ಕುಕ್ಕಪ್ಪ. ಅವನ ಸ್ವರ ಅವನಿಗೇ ಹೇಸಿಗೆ ತರಿಸಿತು. ಅಷ್ಟರಲ್ಲಿ ಮೋಡ ಮುಚ್ಚಿಕೊಂಡು ಆ ಮಾತನ್ನು ನಿಜ ಮಾಡಿತು.

ಮಂಗಳೂರಿನಿಂದಲೂ ಚಂದ್ರ ಕಂಡ ಸುದ್ದಿ ಬರಲಿಲ್ಲ. ಪೆರ್ನಾಲ್ ಶುಕ್ರವಾರಕ್ಕೆ ಹೋಯಿತು. ಚನಿಯಪ್ಪ ದಾರಿಯುದ್ದಕ್ಕೂ, "ಹೆಸರಿಗೆ ಮಾತ್ರ ಕಣ್ಣು, ನನ್ನ ಹುಂಜವಾದ್ರೂ ಕಾಣ್ತಿತ್ತು," ಎಂದು ಬೈದ. ಗುರುವಾರ ಗೋಡೆಯಾಚೆ ಅಲೀಮಮ್ಮ ಬೆಳಗಿನಿಂದಲೇ ಕೆಮ್ಮುತ್ತಿದ್ದರು, ಒಂದು ಗುಟುಕು ನೀರಿಲ್ಲದೆ. ಕುಕ್ಕಪ್ಪ ಆಫೀಸಿಗೆ ಹೊರಟಾಗ ಆ ಜಗಲಿಯ ಕಡೆ ನೋಡಲಾರದೆ ತಲೆ ತಗ್ಗಿಸಿ ನಡೆದ. ಅಪ್ಪನಾಗುವುದು ಇಷ್ಟು ನಾಚಿಕೆಯ ಕೆಲಸವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆದರೂ ಶುಕ್ರವಾರ ಶುಕ್ರವಾರವೇ. ನಸುಕಿನಲ್ಲೇ ಮಿಂದು, ಜರಿ ಶಲ್ಯ ಹೆಗಲಿಗೆ ಹಾಕಿ, ಮಗಳಿಗೆ ಕೊಂಡ ಬೆಳ್ಳಿ ಉಡಿದಾರವನ್ನು ಕಿಸೆಯಲ್ಲಿಟ್ಟು, 'ಕುಮುದಿನಿ, ಕುಮುದಿನಿ' ಎನ್ನುತ್ತಾ ಬಸ್‌ಸ್ಟ್ಯಾಂಡಿಗೆ ಹೋದ. ಕಾದ. ಬಿಸಿಲೇರಿತು. ಬಸ್ಸು ಬರಲಿಲ್ಲ. ಆಚೆ ನೋಡಿದರೆ ಮಾವಿನ ಮರದ ಕೆಳಗೆ ಅದು ಬಾಗಿಲು ಹಾಕಿಕೊಂಡು ನಿಂತಿತ್ತು.

ಕುಕ್ಕಪ್ಪ ಪಂಚೆ ಎತ್ತಿ ಕಟ್ಟಿ ಪೋಕರನ ಮನೆಗೆ ಓಡಿದ. ಪೋಕರ್ ಹೊಸ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ, ಪಳ್ಳಿಗೆ ಹೊರಟು ನಿಂತಿದ್ದ.

"ಪೋಕರ್, ಬಸ್ಸು?"

"ಬಸ್ಸಾ? ಇವತ್ತು ಪೆರ್ನಾಲ್ ಅಲ್ವಾ ಮಾರಾಯ್ರೆ! ನನಗೂ ರಜೆ, ಬಸ್ಸಿನ ಧಣಿಗಳಿಗೂ ರಜೆ. ಪೆರ್ನಾಲಿನ ದಿನ ಯಾವ ಕಾಲದಲ್ಲೂ ಬಸ್ಸು ಬಿಟ್ಟದ್ದಿಲ್ಲ." ಕುಕ್ಕಪ್ಪನ ಮುಖ ಕಂಡು ಪೋಕರನ ಸ್ವರ ಇಳಿಯಿತು. "ಅದಕ್ಕೇ ಅಲ್ವಾ ನಾನು ಬಡ್ಕೊಂಡದ್ದು, ಚಂದ್ರ ಕಂಡ್ರೆ ನಿಮಗೂ ಒಳ್ಳೆದು ಅಂತ? ಗುರುವಾರವೇ ಪೆರ್ನಾಲ್ ಆಗಿದ್ರೆ ಇವತ್ತು ನಾನೇ ನಿಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗ್ತಿದ್ದೆ. ನಿಮ್ಮ ಆಫೀಸಿನ ರಜೆಯ ಕತೆ ನನಗೆಂತ ಗೊತ್ತು?"

ಕುಕ್ಕಪ್ಪ ಜಗಲಿಯಲ್ಲಿ ಕುಳಿತ. ಒಳಗಿನಿಂದ ಅಲೀಮಮ್ಮ ತಟ್ಟೆಯಲ್ಲಿ ತುಪ್ಪದನ್ನ ತಂದಿಟ್ಟರು. "ತಿನ್ನು ಮಗಾ. ನಮಗೋಸ್ಕರ ಗುಡ್ಡೆ ಹತ್ತಿದವ ನೀನು. ಆ ಪುಣ್ಯ ನಿನ್ನ ಮಗುವಿಗೆ ಸಿಗ್ತದೆ." ಅವನು ತಿಂದ. ತಿನ್ನುವಷ್ಟು ಹೊತ್ತೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಶನಿವಾರ ಸಂಜೆ ಪೋಕರ್ ಬಸ್ಸನ್ನು ಸೊಸೈಟಿಯ ಎದುರಿಗೇ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಆಫೀಸಿಗೆ ಕೇಳುವಂತೆ ಕೂಗಿದ:

"ಕುಕ್ಕಪ್ಪಣ್ಣಾ, ಹೆಸರು ಅಕ್ಕು ಅಂತಲೇ ಇಟ್ರಂತೆ! ಬೇಜಾರ ಮಾಡ್ಬೇಡಿ, ಕಣ್ಣು ಮಾತ್ರ ಅಪ್ಪಂದೇ ಅಂತೆ. ಭಾರೀ ಚುರುಕು!"