ಅರ್ಧ ಬೆರಳು ಏರಿದ ಗಾಡಿ

ದಿಬ್ಬದಲ್ಲೂ ತಗ್ಗಿನಲ್ಲೂ ಕೈಬಿಡದೆ ನಡೆಸುವ ಪರಶಿವನಿಗೆ ಮೊದಲು ಶರಣು.

ರೋಣದಲ್ಲಿ ಬಾಡಿಗೆ ಕಾರು ಓಡಿಸುವವನು ನಾನು. ನಗುವಂಥದ್ದು ಏನಾದರೂ ಆಗದೆ ನನ್ನ ಒಂದು ವಾರವೂ ಕಳೆಯುವುದಿಲ್ಲ. ಆದರೆ ಅದು ಆಗುವಾಗ ನನಗೆ ನಗು ಬರುವುದಿಲ್ಲ, ಎದೆ ಢವಢವ ಅನ್ನುತ್ತಿರುತ್ತದೆ.

ಎಲ್ಲಕ್ಕೂ ಕಾರಣ, ನನ್ನ ಗಾಡಿ ಗಿಡ್ಡ. ಸೂಡಿ ದಾರಿಯ ಸ್ಪೀಡ್ ಹಂಪಿಗೆ ಬಡಿದು ಒಮ್ಮೆ ಚೇಂಬರ್ ಒಡೆಯಿತು. ಇಂಜಿನ್ನಿನ ಹೊಟ್ಟೆಯ ಕೆಳಗೆ ಎಣ್ಣೆ ನಿಲ್ಲುವ ಜಾಗ ಅದು. ರಿಪೇರಿ ಮಾಡಿದ ಗಜೇಂದ್ರಗಡದ ಮಿಸ್ತ್ರಿ, "ಅಣ್ಣಾರ, ಇನ್ನೊಮ್ಮೆ ಒಡದ್ರ ಇಂಜಿನ್ನ ಜಾಮ್ ಆಕ್ಕೈತ್ರಿ. ಆಮ್ಯಾಲ ಗಾಡಿ ಗುಜರಿಗೇ" ಅಂದ. ನಮ್ಮ ಮನೆಗೆ ಅನ್ನ ಹಾಕುವುದು ಅದೊಂದೇ ಗಾಡಿ. ಅಂದಿನಿಂದ ಹಂಪು ಕಂಡರೆ ಸಾಕು, ನನ್ನ ಬಾಯಲ್ಲಿ ಶಿವನಾಮ.

ಹಂಪ್ ಬಂತು, ಇಳೀರಿ

ಗಜೇಂದ್ರಗಡಕ್ಕೆ ಬಸುರಿ ಮಗಳ ಕುಬಸ ಮಾಡಲು ಹೊರಟ ನಾಲ್ವರು ಹೆಣ್ಣುಮಕ್ಕಳು ಗಾಡಿ ಹತ್ತಿದರು. ನಾಲ್ವರಿಗೂ ದೇವರು ಮೈತುಂಬ ಕೊಟ್ಟಿದ್ದ. ಹಂಪು ಬಂದಾಗಲೆಲ್ಲ ನಾನು ಕೈಮುಗಿದು, "ಅವ್ವಾರ, ಸ್ವಲ್ಪ ಇಳೀರಿ, ತೆಳಗ ಬಡೀತೈತಿ" ಅನ್ನುವುದು, ಅವರು ಇಳಿದು ಹಂಪು ದಾಟಿ ಮತ್ತೆ ಹತ್ತುವುದು. ನಾಲ್ಕನೇ ಹಂಪಿಗೆ ಹಿರಿಯಾಕೆ ಸೊಂಟದ ಮೇಲೆ ಕೈಯಿಟ್ಟಳು.

"ತಮ್ಮಾ, ಗಾಡಿ ನಮ್ಮನ್ನ ಕರ್ಕೊಂಡ ಹೊಂಟೈತೋ, ನಾವ ಗಾಡೀನ ಕರ್ಕೊಂಡ ಹೊಂಟೇವೋ?"

ಐದನೇ ಹಂಪಿಗೆ ಇಳಿದವರು ಮತ್ತೆ ಹತ್ತಲಿಲ್ಲ. ಹಿಂದೆ ಬರುತ್ತಿದ್ದ ಬಸ್ಸಿಗೆ ಕೈಮಾಡಿ ಹೋದರು. ಅವರ ಹೋಳಿಗೆ ಬುಟ್ಟಿಯೊಂದನ್ನೇ ಕೂರಿಸಿಕೊಂಡು ನಾನು ಬಸ್ಸಿನ ಬೆನ್ನು ಹತ್ತಿ ಹೋದೆ.

ಇನ್ನರ್ಧ ಎಲ್ಲಿ?

ಇದಕ್ಕೆ ಮಿಸ್ತ್ರಿಯೇ ಉಪಾಯ ಹೇಳಿದ. "ಒಂದ್ ಸೈಜ್ ದೊಡ್ಡ ಟೈರ್ ಹಾಕೂಣ್ರಿ. ಈಗಿನಕಿಂತ ಟೈರ್ ಒಂದ್ ಬೆರಳ ಎತ್ರ ಬರತಾವ."

ಹಾಕಿಸಿದೆ. ನಾಲ್ಕೂ ಗಾಲಿಯ ಕೆಳಗೆ ಲಿಂಬಿಹಣ್ಣಿಟ್ಟು, ಕಾಯಿ ಒಡೆದು, ಮನೆಗೆ ಬಂದು ಚೇಂಬರಿನ ಕೆಳಗೆ ಕೈತೂರಿಸಿ ಅಳೆದೆ. ಮೊದಲು ಎಂಟು ಬೆರಳು ಹಿಡಿಯುತ್ತಿತ್ತು. ಈಗ ಒಂಬತ್ತನೆಯದು ಅರ್ಧ ಹೋಗಿ ಸಿಕ್ಕಿಕೊಂಡಿತು. ಗಾಬರಿಯಾಗಿ ಮತ್ತೆ ಗಜೇಂದ್ರಗಡಕ್ಕೆ ಓಡಿದೆ.

"ಒಂದ್ ಬೆರಳ ಅಂದಿದ್ದಿ, ಅರ್ಧಾನ ಏರೇತಲ್ಲೋ!"

"ಟೈರ್ ಏರೇತ್ರಿ ಒಂದ್ ಬೆರಳ. ಗಾಡಿ ಕುಂತಿರೂದು ಗಾಲಿ ನಡುವಿನ ಅಚ್ಚಿನ ಮ್ಯಾಲ. ಅಚ್ಚಿನ ತೆಳಗ ಅರ್ಧ ಬೆಳದೈತಿ, ಮ್ಯಾಲ ಅರ್ಧ ಬೆಳದೈತಿ. ಗಾಡೀನ ಎತ್ತೂದು ತೆಳಗಿನ ಅರ್ಧ ಅಷ್ಟ."

"ಮತ್ತ ಮ್ಯಾಲಿನ ಅರ್ಧ?"

ಅವನು ಸ್ಪ್ಯಾನರ್ ಕೆಳಗಿಟ್ಟು ಆಕಾಶಕ್ಕೆ ಕೈ ತೋರಿಸಿದ. "ಅದು ನಿಮ್ಮ ದೇವರ ಕಡೆ ಹೊಂಟೈತ್ರಿ ಅಣ್ಣಾರ!"

ಗುಡಿ ಮೂಲೆಯ ಗರ್ರ್

ಆ ಮೇಲಿನ ಅರ್ಧ ಸುಮ್ಮನಿರಲಿಲ್ಲ. ನಮ್ಮ ಓಣಿಯ ಶಿವನ ಗುಡಿಯ ಮೂಲೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆನೋ ಇಲ್ಲವೋ, ಗಾಡಿಯೊಳಗಿಂದ 'ಗರ್ರ್' ಅಂತ ಸದ್ದು. ಪಕ್ಕದಲ್ಲಿದ್ದ ಹೆಂಡತಿ ತಾಳಿ ಹಿಡಿದುಕೊಂಡಳು.

"ಏನ್ರಿ, ಹೋದ ಸೋಮಾರ ನೀವು ಗುಡಿಗೆ ಬರಲಿಲ್ಲ. ಶಿವ ಸಿಟ್ಟಾಗ್ಯಾನ!"

ಇಳಿದು ಉದ್ದಂಡ ನಮಸ್ಕಾರ ಹಾಕಿದೆ. ಮೂರು ಸೋಮವಾರ ಉಪವಾಸ ಮಾಡಿದೆ. ಆದರೂ ಅದೇ ಮೂಲೆ, ಅದೇ ಗರ್ರ್. ಕೊನೆಗೆ ಪೂಜಾರಿಗಳೇ ಬಗ್ಗಿ ನೋಡಿದರು.

"ಶಿವಗ ಸಿಟ್ಟಿಲ್ಲೋ ಮಾರಾಯಾ. ಟೈರ್ ದೊಡ್ಡದಾಗಿ ಒಳಗಿನ ಪ್ಲಾಸ್ಟಿಕ್ಕಿಗೆ ತಿಕ್ಕಾಕತ್ತೈತಿ. ಮಿಸ್ತ್ರಿಗೆ ತೋರಿಸು."

"ಹಂಗಾದ್ರ ಉಪಾಸ ಬಿಡ್ಲೇನ್ರಿ ಅಜ್ಜಾರ?"

ಅವರು ನನ್ನ ಹೊಟ್ಟೆ ನೋಡಿದರು. "ಬ್ಯಾಡ, ಅದು ನಡೀಲಿ. ನೀ ಹಗುರಾದ್ರ ಗಾಡಿ ಇನ್ನಷ್ಟ ಏರತೈತಿ."

ಧೈರ್ಯಸ್ಥ ಅಜ್ಜ

ಇದು ಮಳೆಗಾಲದ್ದು. ಮೆಣಸಗಿಯ ಅಜ್ಜನೊಬ್ಬನನ್ನು ನರಗುಂದದ ದವಾಖಾನೆಗೆ ಕರೆದೊಯ್ಯಬೇಕಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ ಮಾಡಿಸುವವರಿದ್ದರು. ದಾರಿಯ ಹಳ್ಳ ರಸ್ತೆಯ ಮೇಲೇರಿ ಹರಿಯುತ್ತಿತ್ತು. ದಂಡೆಯ ಮೇಲಿದ್ದವರು, "ದೊಡ್ಡ ಟೈರ್ ಹಾಕ್ಸೀಯಲ್ಲ, ಹೊಡಿ ಹೊಡಿ!" ಎಂದು ಕೂಗಿದರು. ಅರ್ಧ ಬೆರಳನ್ನು ನಂಬಿ ಹಳ್ಳಕ್ಕೆ ಇಳಿಯುವುದೆ? ಬ್ರೇಕ್ ಒತ್ತಿ ದಂಡೆಯಲ್ಲೇ ನಿಲ್ಲಿಸಿದೆ.

ಹಿಂದಿನ ಸೀಟಿನಿಂದ ಅಜ್ಜ ಗುಡುಗಿದ. "ಯಾಕ ನಿಂತಿ ತಮ್ಮಾ? ಹೊಡಿ! ನನಗೊಂಚೂರೂ ಅಂಜಿಕಿಲ್ಲ."

ಎಂಥ ನಂಬಿಕೆ ಈ ಹಿರಿಯರದು ಎಂದು ನಾಚಿಕೆಯಾಯಿತು. ಕಣ್ಣುಮುಚ್ಚಿ ಶಿವನನ್ನು ನೆನೆದೆ. ಮನಸ್ಸು 'ತಿರುಗಿಸು' ಅಂದಿತು. ತಿರುಗಿಸಿ, ರೋಣದ ಮೇಲೆ ಸುತ್ತುಹಾಕಿ ನರಗುಂದ ಸೇರಿಸಿದೆ. ದಾರಿಯುದ್ದಕ್ಕೂ ಅಜ್ಜ, "ಅಂಜುಬುರುಕ, ಅಂಜುಬುರುಕ" ಎಂದು ಬೈಯುತ್ತಲೇ ಇದ್ದ.

ಆಪರೇಶನ್ ಚಲೋ ಆಯಿತು. ಮನೆಗೆ ಕರೆತರಲು ಹೋದಾಗ ಅಜ್ಜ ಕರಿಕನ್ನಡಕ ಹಾಕಿಕೊಂಡು ದವಾಖಾನೆಯ ಮೆಟ್ಟಿಲ ಮೇಲೆ ನಿಂತಿದ್ದ. ಗಾಡಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದ. ಬಗ್ಗಿ ಟೈರು ನೋಡಿದ.

"ತಮ್ಮಾ, ಅವತ್ತ ನಾ ಬಂದದ್ದು ಇದರಾಗನ?"

"ಹೌದ್ರಿ ಅಜ್ಜಾರ."

ಅಜ್ಜ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಯಪ್ಪಾ ಶಿವನ! ನಾ ದೊಡ್ಡ ಜೀಪ ಅಂತ ತಿಳಕೊಂಡು ಹೊಡಿ ಹೊಡಿ ಅಂದಿದ್ನಲ್ಲೋ! ಇದು ಹಳ್ಳಕ್ಕ ಇಳದಿದ್ರ, ಕಣ್ಣ ಬರೂಕಿನ ಮೊದಲ ಕಣ್ಣ ಮುಚ್ಚತಿದ್ನಲ್ಲೋ!"

ಈ ಅಂಜುಬುರುಕನ ಮಾತನ್ನು ಕೂತು ಕೇಳಿದ ನಿಮ್ಮೆಲ್ಲರನ್ನೂ ಆ ತಂದೆ ಶಿವ ನೀವು ಹೋದ ದಾರಿಯಿಂದ ಸುಖವಾಗಿ ಮನೆ ಮುಟ್ಟಿಸಲಿ, ನಿಮ್ಮ ಮನೆ ತಂಪಾಗಿರಲಿ.