ಒಬ್ಬರೇ ನಡೆಸಬಹುದಾದ ಭಟ್ಟಿಯ ತಯಾರಕರಿಗೆ

ಮಾನ್ಯರೇ,

ಮನೆಬಳಕೆಯ ಭಟ್ಟಿಯಂತ್ರಗಳನ್ನು ತಯಾರಿಸಿ, ಹಸುಗೂಸನ್ನು ಸುತ್ತಿದಷ್ಟು ಜೋಪಾನವಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತಿ ಮನೆಮನೆಗೆ ಕಳುಹಿಸುತ್ತಿರುವ ತಮಗೂ, ತಮ್ಮ ಕಾರ್ಖಾನೆಗೂ, ಅಲ್ಲಿನ ಒಂದೊಂದು ಸ್ಕ್ರೂಗೂ ಶುಮಾದಿಯಾ ಸೀಮೆಯ ಪ್ಲಮ್ ತೋಟವೊಂದರಿಂದ ಅನಂತ ವಂದನೆಗಳು. ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾದದ್ದಕ್ಕೆ ಕ್ಷಮೆಯಿರಲಿ. ತಮ್ಮ ದೂರು ವಿಭಾಗಕ್ಕೆ ಫೋನು ಮಾಡಿದ್ದೆ. "ಮಷೀನಲ್ಲಿ ಏನು ಪ್ರಾಬ್ಲಮ್ಮು ಮೇಡಂ?" ಎಂದು ಅಲ್ಲಿನ ಹುಡುಗಿ ಕೇಳಿದಳು. "ಏನೂ ಇಲ್ಲಮ್ಮ, ಅದೇ ಪ್ರಾಬ್ಲಮ್ಮು" ಎಂದೆ. ಅವಳು ಫೋನು ಇಟ್ಟಳು.

ತಮ್ಮ ಯಂತ್ರ ಬರುವ ಮೊದಲು ನಮ್ಮ ಮನೆಯಲ್ಲಿ ಒಂದು ತಾಮ್ರದ ಭಟ್ಟಿಯಿತ್ತು. ಸರಿಯಾಗಿ ಹೇಳಬೇಕೆಂದರೆ ಅರ್ಧ ಭಟ್ಟಿಯಿತ್ತು. ನನ್ನ ಮಾವ ಝಿವೋರಾದ್ ಹೊಲ, ತೋಟ, ಹಂದಿಗಳನ್ನೆಲ್ಲ ಇಬ್ಬರು ಮಕ್ಕಳಿಗೆ ನ್ಯಾಯವಾಗಿಯೇ ಹಂಚಿದವರು, ಭಟ್ಟಿಯ ವಿಷಯಕ್ಕೆ ಬಂದಾಗ ಮಾತ್ರ ಹಂಡೆಯನ್ನು ಕಿರಿಯ ಮಗನಾದ ನನ್ನ ಗಂಡ ರಾದಿಸಾವನಿಗೂ, ಹಂಡೆಯ ಮೇಲೆ ಕೂರುವ ಟೊಪ್ಪಿಯನ್ನು ಅದರ ಕೊಳವೆಸಮೇತ ಹಿರಿಯ ಮಗ ವಿತೋಮಿರ್ ಭಾವನಿಗೂ ಕೊಟ್ಟು ಕಣ್ಣು ಮುಚ್ಚಿದರು. "ಮುದುಕನಿಗೆ ಅರಳುಮರಳು, ಹೊಟ್ಟೆ ಒಬ್ಬನಿಗೆ ಕೊಟ್ಟ, ತಲೆ ಇನ್ನೊಬ್ಬನಿಗೆ ಕೊಟ್ಟ" ಎಂದು ಊರು ನಕ್ಕಿತು. ಮಾವ ಎಷ್ಟು ದೂರ ನೋಡಿದ್ದರೆಂಬುದು ಅಣ್ಣತಮ್ಮಂದಿರು ಬೇಲಿಯಂಚಿನ ಅಕ್ರೋಟು ಮರಕ್ಕಾಗಿ ಜಗಳವಾಡಿ ಮಾತು ಬಿಟ್ಟಮೇಲೆಯೇ ನಮಗೆ ತಿಳಿದದ್ದು. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡುವವರು ಪ್ಲಮ್ ಹುಳಿಯಾಗಿ ರಾಕಿಯಾ ಎಂಬ ನಮ್ಮ ಸಾರಾಯಿಯನ್ನು ಭಟ್ಟಿ ಇಳಿಸುವ ದಿನ ಬಂದರೆ ಒಂದೇ ಒಲೆಯ ಮುಂದೆ ಕೂರಲೇಬೇಕಿತ್ತು. ಬೆಳಗ್ಗೆ ಇಬ್ಬರೂ ಒಲೆಯೊಂದಿಗೆ ಮಾತ್ರ ಮಾತನಾಡುತ್ತಿದ್ದರು. "ಸ್ವಲ್ಪ ಮೆತ್ತಗೆ ಉರಿಯಪ್ಪಾ, ಕೆಲವರಿಗೆ ಸೌದೆ ಹಾಕೋಕೂ ಬರಲ್ಲ" ಎಂದು ಭಾವ ಬೆಂಕಿಗೆ ಹೇಳುವರು. "ಕೆಲವರಿಗೆ ಬಾಯಿ ಹಾಕೋದು ಬಿಟ್ರೆ ಏನೂ ಬರಲ್ಲ ಕಣಪ್ಪಾ" ಎಂದು ನನ್ನ ಗಂಡನೂ ಬೆಂಕಿಗೇ ಹೇಳುವನು. ಎರಡನೆಯ ಭಟ್ಟಿ ಇಳಿಯುವ ಹೊತ್ತಿಗೆ ನಡುವಿನ ಬೆಂಕಿಯನ್ನು ಬಿಟ್ಟು ನೇರವಾಗಿ ಬೈದಾಡಲು ತೊಡಗುವರು. ಆ ಒಂದು ದಿನದ ಬೈಗುಳದ ಮೇಲೆ ನಾವು ಎರಡು ಮನೆಯವರು ಒಂದು ವರ್ಷ ಬದುಕುತ್ತಿದ್ದೆವು.

ಇಂಥ ಅನಾಗರಿಕ ಸ್ಥಿತಿಯಿಂದ ನಮ್ಮನ್ನು ಪಾರುಮಾಡಿದವರು ತಾವು. ತಮ್ಮ ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ "ಒಬ್ಬರೇ ಸುಲಭವಾಗಿ ನಡೆಸಬಹುದು" ಎಂದು ಅಚ್ಚಾಗಿತ್ತು. ಪದ್ಯ ಓದುವ ಚಟದವಳಾದ ನಾನು ಇಷ್ಟು ಚಿಕ್ಕದಾದ, ಇಷ್ಟು ಒಂಟಿಯಾದ ಸಾಲನ್ನು ಬೇರೆಲ್ಲೂ ಓದಿಲ್ಲ. ರಾದಿಸಾವ್ ಮಾತ್ರ ಅದನ್ನು ಓದಿ ಹಿಗ್ಗಿಹೋದ. ಇನ್ನು ಯಾರ ಟೊಪ್ಪಿಯ ಹಂಗೂ ಬೇಡವೆಂದು ಅಪ್ಪನ ಹಂಡೆಯನ್ನು ಗುಜರಿಯವನಿಗೆ ಹಾಕಿದ. ತಮ್ಮ ಥಳಥಳಿಸುವ ಉಕ್ಕಿನ ಯಂತ್ರಕ್ಕೆ ಕರೆಂಟು ಕೊಟ್ಟ. ಸೌದೆಯಿಲ್ಲ, ಹೊಗೆಯಿಲ್ಲ, ಮೊದಲಿಗೆ ಇಳಿಯುವ ಕುಡಿಯಬಾರದ ಪಾಲನ್ನು ಚೆಲ್ಲಬೇಕಾದಾಗ ಅದೇ ಕುಂಯ್ ಎನ್ನುತ್ತದೆ, ಮುಗಿದಾಗ ಮತ್ತೆ ಕುಂಯ್ ಎನ್ನುತ್ತದೆ. ಒಬ್ಬನೇ ತುಂಬಿಸಿದ, ಒಬ್ಬನೇ ಕೂತ, ಒಬ್ಬನೇ ರುಚಿ ನೋಡಿದ, "ಪರವಾಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಊಟದ ಹೊತ್ತಿಗೆಲ್ಲ ಎಲ್ಲ ಮುಗಿದಿತ್ತು. ಬೇಲಿಯಾಚೆ ಭಾವ, ಹಂಡೆ ಕಳೆದುಕೊಂಡ ಟೊಪ್ಪಿಯನ್ನು ಬಿಸಿಲಿಗಿಟ್ಟು ಸುಮ್ಮನೆ ಉಜ್ಜುತ್ತಿದ್ದರು. ಇಂಥ ದಕ್ಷತೆಯನ್ನು ನಾನು ಸಾವಿನಲ್ಲಿ ಮಾತ್ರ ಕಂಡಿದ್ದೇನೆ.

ಆದರೂ ತಾವು ದಯಾಳುಗಳು; ಒಂದೇ ಒಂದು ದೋಷವನ್ನು ಉಳಿಸಿಕೊಟ್ಟಿದ್ದಿರಿ. ತಾಮ್ರದ ಸೋಂಕಿಲ್ಲದ ತಮ್ಮ ಉಕ್ಕಿನಲ್ಲಿ ಇಳಿದ ರಾಕಿಯಾ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮಾವನ ಪುಣ್ಯತಿಥಿಯ ದಿನ ರೂಢಿಯಂತೆ ಸಮಾಧಿಯ ಮೇಲೆ ರಾದಿಸಾವ್ ಅದನ್ನೇ ಸುರಿದಾಗ, ಭಾವ ಶಿಲುಬೆಯತ್ತ ತಿರುಗಿ, "ಅಪ್ಪಾ, ನೀನು ಎದ್ದು ಬಂದು ಹೊಡೀಲಿಲ್ವಲ್ಲ, ಈಗ ಖಾತ್ರಿಯಾಯ್ತು ನೀನು ಸತ್ತಿದ್ದೀಯ ಅಂತ" ಎಂದರು. ಪಾದ್ರಿಗಳಿಗೆ ಕೆಮ್ಮು ಬಂತು.

ಆ ಅವಮಾನದಿಂದಲೇ ಯಂತ್ರದ ಸುಧಾರಣೆ ಶುರುವಾದದ್ದು. ಅದರ ಹೊಟ್ಟೆಯೊಳಗೆ ತಾಮ್ರ ಹಾಕಿದರೆ ವಾಸನೆ ಹೋಗುತ್ತದೆಂದು ಎಲ್ಲೋ ಓದಿದ ರಾದಿಸಾವ್ ಮೊದಲು ತಾಮ್ರದ ತಂತಿಯ ಉಂಡೆ ಹಾಕಿದ, ಆಮೇಲೆ ನನ್ನ ತಾಮ್ರದ ಕಾಫಿಪಾತ್ರೆಗಳನ್ನು ಹಾಕಿದ, ಅದೂ ಸಾಲದೆ ಕದದ ಹಿಡಿಯನ್ನು ಕಿತ್ತು ಹಾಕಿದ. ನಮ್ಮ ಬೆಳಗಿನ ಕಾಫಿ ಪ್ಲಮ್ಮಿನಂತೆಯೂ ರಾಕಿಯಾ ಕಾಫಿಯಂತೆಯೂ ಆಯಿತೇ ಹೊರತು ಮೊಟ್ಟೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅಣ್ಣನ ಟೊಪ್ಪಿಯನ್ನು ಕೇಳು ಎಂದೆ. "ಅವನ ಟೊಪ್ಪಿ ಕೇಳೋ ಬದಲು ನನ್ನ ತಲೇನೇ ಕೂರಿಸ್ತೀನಿ" ಎಂದ. ತಲೆ ಟೊಳ್ಳಾಗಿರುವುದು ನಿಜವಾದರೂ ತಾಮ್ರದ್ದಲ್ಲವಲ್ಲ ಎಂದು ನಾನು ಬೇಲಿಯ ಬಳಿ ಹೋಗಿ ವಾರಗಿತ್ತಿ ರೊಸಾಂದಾಳೊಂದಿಗೆ ಮಾತನಾಡಿದೆ. ಅವಳು ಒಳಗೆ ಹೋಗಿ ಭಾವನಿಗೆ, "ನಿಮ್ಮಪ್ಪನ ಹೆಸರು ನಾರ್ತಿದೆ, ನೀವು ಆರಾಮಾಗಿ ಕೂತಿದ್ದೀರಿ" ಎಂದಷ್ಟೇ ಹೇಳಿದಳಂತೆ.

ಮಾರನೆಯ ದಿನ ವಿತೋಮಿರ್ ಭಾವ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಹಿಡಿದು ತಂದರೆ ಕೊಡಲು ಬಂದಂತಾಗುತ್ತದೆಂದು ತಾಮ್ರದ ಟೊಪ್ಪಿಯನ್ನು ತಲೆಗೆ ಹಾಕಿಕೊಂಡೇ ಬಂದರು. ಕೊಳವೆ ಹಿಂದಕ್ಕೆ ಜಡೆಯಂತೆ ಇಳಿಬಿದ್ದಿತ್ತು. ಅಣ್ಣತಮ್ಮಂದಿರು ತುಟಿ ಬಿಚ್ಚದೆ ತಾವು ಕಳುಹಿಸಿದ ಯಂತ್ರದ ಮುಚ್ಚಳವನ್ನೂ ರಬ್ಬರು ಬಳೆಯನ್ನೂ ಕಿತ್ತೆಸೆದು, ಅದರ ಉಕ್ಕಿನ ಕುತ್ತಿಗೆಯ ಮೇಲೆ ಅಪ್ಪನ ಟೊಪ್ಪಿಯನ್ನು ಕೂರಿಸಿದರು. ಆವಿ ಸೋರದಂತೆ ಸಂದಿಗೆ ಎಂದಿನಂತೆ ಹಿಟ್ಟಿನ ಕಣಕ ಮೆತ್ತಿದರು. ಕಣಕ ಕಲಸಿಕೊಟ್ಟವಳು ನಾನು.

ಮಾನ್ಯರೇ, ಸಂದಿಗೆ ಮೆತ್ತುವ ಕಣಕಕ್ಕೆ ಹಿಟ್ಟು ಮತ್ತು ನೀರಿನ ಹೊರತು ಏನೂ ಸೇರಬಾರದು. ಅಂದಿನ ಕಣಕಕ್ಕೆ ಹೇಗೋ ಯೀಸ್ಟು ಸೇರಿತ್ತು. ಯಂತ್ರ ಬೆಚ್ಚಗಾದಂತೆ ಅದು ಉಬ್ಬತೊಡಗಿ, ಮಾವನ ಟೊಪ್ಪಿಯನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಎತ್ತಿತು. ಇಬ್ಬರೂ ಒದ್ದೆ ಬಟ್ಟೆ ಹಿಡಿದು ಆ ಕಡೆ ಒಬ್ಬ ಈ ಕಡೆ ಒಬ್ಬ ಓಡಿ ಟೊಪ್ಪಿಯನ್ನು ಒತ್ತಿ ಹಿಡಿದರು. ಒಬ್ಬ ಬಿಟ್ಟರೆ ವಾಲುತ್ತದೆ. ಸ್ವಿಚ್ಚು ಇಬ್ಬರ ಕೈಗೂ ಎಟುಕದ ಗೋಡೆಯ ಮೇಲಿದೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಅಣ್ಣತಮ್ಮಂದಿರು ನಿಂತರು. "ಗಟ್ಟಿಯಾಗಿ ಒತ್ತೋಕೆ ಹೇಳು ಆ ಕಡೆಯವನಿಗೆ" ಎಂದರು ಭಾವ, ಟೊಪ್ಪಿಗೆ. "ಒತ್ತೋದು ಅವನಿಂದ ಕಲೀಬೇಕಾಗಿಲ್ಲ ಅನ್ನು" ಎಂದ ನನ್ನ ಗಂಡ, ಅದೇ ಟೊಪ್ಪಿಗೆ. ತಮ್ಮ ಯಂತ್ರ ಕುಂಯ್ ಎಂದಿತು, ಯಾರೂ ಕಿವಿಗೊಡಲಿಲ್ಲ. ಬಹಳ ಹೊತ್ತಾದ ಮೇಲೆ ಭಾವ ಮೆಲ್ಲನೆ ಕೇಳಿದರು:

"ರಾದೆ, ಕೈ ಸುಡ್ತಿದೆಯೇನೋ?"

"ಸುಡ್ತಿದೆ ಅಣ್ಣ."

"ಬಿಡಬೇಡ."

"ನೀನು ಬಿಡಬೇಡ."

ಬೆಳಗ್ಗೆಯೇ ಬಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ರೊಸಾಂದಾ, ಸ್ವಿಚ್ಚು ಆರಿಸಲು ಹೊರಟ ನನ್ನ ತೋಳು ಹಿಡಿದು ಕೂರಿಸಿದಳು.

ಕಣಕ ಬೆಂದು ಕುತ್ತಿಗೆಯ ಸುತ್ತ ರೊಟ್ಟಿಯ ಬಳೆಯಾಯಿತು. ಉಪ್ಪು ಹಚ್ಚಿ ನಾಲ್ವರೂ ಮುರಿದು ತಿಂದೆವು. ರಾಕಿಯಾದಲ್ಲಿ ಮೊಟ್ಟೆಯ ವಾಸನೆ ಇರಲಿಲ್ಲ. ಅಕ್ರೋಟು ಮರದ ಜಗಳ ಇನ್ನೂ ಮುಗಿದಿಲ್ಲ, ಆದರೆ ಈಗ ಬಾಯಿಬಿಟ್ಟು ಜಗಳವಾಡುತ್ತಾರೆ. ಅದರ ಸದ್ದು ಕೇಳುತ್ತಲೇ ಈ ಪತ್ರ ಬರೆಯುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನಮ್ರ ಬೇಡಿಕೆಯೇನೆಂದರೆ, ತಮ್ಮ ಮುಂದಿನ ಮಾದರಿಯ ಹೊಟ್ಟೆಯನ್ನು ಒಬ್ಬರಿಗೂ ತಲೆಯನ್ನು ಅವರೊಂದಿಗೆ ಮಾತು ಬಿಟ್ಟವರಿಗೂ ಮಾತ್ರ ಮಾರತಕ್ಕದ್ದು. ಉಷ್ಣಮಾಪಕ ಸದಾ ತಪ್ಪು ತೋರಿಸಿ ಕನಿಷ್ಠ ಇಬ್ಬರ ನಡುವೆ ವಾದ ಹುಟ್ಟಿಸತಕ್ಕದ್ದು. ಸ್ವಿಚ್ಚನ್ನು ಈಗಿನದಕ್ಕಿಂತಲೂ ದೂರದಲ್ಲಿ ಇರಿಸತಕ್ಕದ್ದು. ಕೆಂಪಕ್ಷರದ ಆ ಸಾಲನ್ನು ಅಳಿಸಿ "ಒಬ್ಬರಿಂದ ಆಗದು" ಎಂದು ಅಚ್ಚು ಹಾಕಿಸಿದರೆ ಇನ್ನೊಂದು ಯಂತ್ರವನ್ನೂ ಕೊಳ್ಳಲು ಸಿದ್ಧ.

ತಮ್ಮ ಯಂತ್ರದ ಕುಂದಿಲ್ಲದ ಗುಣದಿಂದ ನೊಂದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಲ್ಯುಬಿಂಕಾ

ತಾ.ಕ.: ಯಂತ್ರವನ್ನು ಮಾರ್ಪಡಿಸಿದರೆ ಖಾತರಿ ರದ್ದಾಗುವುದೆಂದು ತಾವು ಎಚ್ಚರಿಸಿದ್ದೀರಿ. ಆಗಲಿ. ತಮ್ಮ ಮುಚ್ಚಳದಲ್ಲಿ ಈಗ ನಮ್ಮ ಕೋಳಿಗಳು ನೀರು ಕುಡಿಯುತ್ತಿವೆ. ಅವೂ ಒಂದೊಂದಾಗಿ ಬರುವುದಿಲ್ಲ. ಇನ್ನು ಯೀಸ್ಟಿನ ವಿಷಯ: ನನ್ನ ಗಂಡ ಅದನ್ನು ಇಂದಿಗೂ ನನ್ನ ಮರೆವು ಎಂದೇ ನಂಬಿದ್ದಾನೆ. ತಾವು ಮಾರುತ್ತರ ಬರೆಯುವುದಾದರೆ ದಯಮಾಡಿ ರೊಸಾಂದಾಳ ವಿಳಾಸಕ್ಕೆ ಬರೆಯಿರಿ. ಯೀಸ್ಟಿನ ಪುಡಿಯ ಪೊಟ್ಟಣ ಅವಳದು.