ಕಸ್ತೂರಮ್ಮನ ಸುಣ್ಣದ ಡಬ್ಬಿ

ನಿಟ್ಟುವಳ್ಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ಹನುಮೇಶ್ ಮೀನು ಸಾಕತೊಡಗಿ ಆರು ತಿಂಗಳಾಗಿತ್ತು. ತೊಟ್ಟಿಯ ನೀರು ಪಾಲಕ್ ಮಡಿಗೆ ಹರಿದು, ಸೋಸಿ, ಮತ್ತೆ ತೊಟ್ಟಿಗೇ ಬರುವ ಏರ್ಪಾಡು. ಕೆಳಗಿನ ಮನೆಯ ಮಾಲೀಕ ವಾಮದೇವಪ್ಪನವರು ಲಿಂಗಪೂಜೆ ಮುಗಿಯದೆ ಹನಿ ನೀರೂ ಮುಟ್ಟದವರು. "ಮೀನು ಬರೀ ಸೊಪ್ಪಿನ ಗೊಬ್ಬರಕ್ಕೆ ರೀ" ಎಂದು ಈ ಪುಣ್ಯಾತ್ಮ ಅವರನ್ನು ನಂಬಿಸಿದ್ದ.

ಭಾನುವಾರ ಅವರು ಮದುವೆಗೆ ಹೋಗುವುದನ್ನು ತಿಳಿದೇ, ಹೆಂಡತಿ ಸುಧಾಳ ಅಣ್ಣ ನಿಂಗರಾಜುವನ್ನು ಹರಿಹರದಿಂದ ಮೀನೂಟಕ್ಕೆ ಕರೆದಿದ್ದ. ಹೊಳೆ ಮೀನು ತಿಂದು ಬೆಳೆದ ನಿಂಗರಾಜು ತಾರಸಿ ಮೀನೆಂದರೆ ನಗುತ್ತಿದ್ದ. ಇವತ್ತು ಆ ಬಾಯಿ ಮುಚ್ಚಿಸಲೇಬೇಕಿತ್ತು.

ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಪರೀಕ್ಷೆ ಪಟ್ಟಿ ಅದ್ದಿದ. ಪಿಎಚ್ ಐದೂವರೆ! ಏಳರ ಹತ್ತಿರ ಇರಬೇಕಾದ ನೀರು ಹುಳಿಯಾಗಿತ್ತು.

"ನೀರು ಕೆಟ್ಟೈತೆ, ನಿಂಬೆಹಣ್ಣು ಹಿಂಡಬೇಕು" ಎಂದು ಪಕ್ಕದ ಮನೆಯ ಪರಶುರಾಮ ಗೋಡೆ ಹಾರಿ ಬಂದವನೇ ನಾಲ್ಕು ಹಿಂಡಿಬಿಟ್ಟ.

"ಹುಳಿಗೆ ಹುಳಿ ಹಾಕ್ತಿಯಲ್ಲೋ ಮಾರಾಯ" ಎಂದು ಹನುಮೇಶ್ ತಲೆ ಚಚ್ಚಿಕೊಂಡ. ಪಟ್ಟಿ ಐದಕ್ಕಿಳಿಯಿತು. ಗಾಬರಿಯಲ್ಲಿ ಗೋಡೆಗೆ ಬಳಿಯುವ ಸುಣ್ಣವನ್ನೇ ಬೊಗಸೆ ತುಂಬಿಕೊಂಡ.

ಗದ್ದಲ ಕೇಳಿ ರೇಷ್ಮೆ ಸೀರೆಯಲ್ಲೇ ಹತ್ತಿ ಬಂದ ಮಾಲೀಕರ ಹೆಂಡತಿ ಕಸ್ತೂರಮ್ಮ ಅವನ ಕೈ ಹಿಡಿದರು. "ಅಷ್ಟು ಸುಣ್ಣ ಒಮ್ಮೆಲೆ ಹಾಕಿದ್ರೆ ನಮ್ ಬಾಯೇ ಸುಡ್ತೈತೆ, ಮೀನು ಉಳಿತಾವೇನಪ್ಪ? ಕೂಡು ಸುಮ್ನೆ."

ಸೊಂಟದಿಂದ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದರು. ಬೆರಳ ತುದಿಯಷ್ಟು ಚೊಂಬಿನಲ್ಲಿ ಕದಡಿ ಸುರಿಯುವುದು, ಅರ್ಧ ಗಂಟೆ ಕಾಯುವುದು, ಪಟ್ಟಿ ಅದ್ದುವುದು. ಮದುವೆ ಮುಹೂರ್ತ ಮೀರಿತು. ಮಧ್ಯಾಹ್ನ ದಾಟುವ ಹೊತ್ತಿಗೆ ಪಟ್ಟಿ ಆರೂಕಾಲು ತೋರಿಸಿತು, ಮೀನುಗಳು ಬಾಲ ಬಡಿದು ತಳಕ್ಕಿಳಿದವು. ಹನುಮೇಶನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೂ ಬಂತು.

ಹೆಂಡತಿಯನ್ನು ಮದುವೆಗೆ ಕರೆಯಲು ಮೇಲೆ ಬಂದಿದ್ದ ವಾಮದೇವಪ್ಪನವರು ಅದನ್ನು ಕಂಡು ಕರಗಿಹೋದರು. "ಮೂಕ ಜೀವಕ್ಕೆ ಇಷ್ಟು ಮರುಗೋರು ಯಾರದಾರಪ್ಪ ಈ ಕಾಲದಾಗ? ಆ ಕಡೆ ಜಾಗದಾಗೂ ಇನ್ನೊಂದು ತೊಟ್ಟಿ ಕಟ್ಟು. ಬಾಡಿಗೆ ಏರ್ಸಲ್ಲ."

ಅಷ್ಟರಲ್ಲಿ ನಿಂಗರಾಜು ಹಸಿದು ಮೆಟ್ಟಿಲು ಹತ್ತಿ ಬಂದ. "ಎಲ್ರಿ ಭಾವ ಮೀನು?"

ಉತ್ತರ ಕೊಟ್ಟವರು ಕಸ್ತೂರಮ್ಮ. "ಬಾರಪ್ಪ, ಹರಿಹರದಿಂದ ಇವನ್ನ ನೋಡಾಕ ಬಂದಿ. ಈಗ ತಾನೇ ಒಂದೊಂದಕ್ಕೂ ಹೆಸರಿಟ್ಟೀನಿ, ದಿನಾ ಬಂದು ಎಣಿಸ್ತೀನಿ. ಅಕಾ, ಆ ದಪ್ಪಂದು ನೋಡು, ಅದಕ್ಕೆ ನಿನ್ ಹೆಸರು."

ದಪ್ಪನೆಯ ನಿಂಗರಾಜು ನೀರಿನಿಂದ ತಲೆ ಎತ್ತಿತು. ಮೇಲಿನ ನಿಂಗರಾಜು ಅದನ್ನು ಬಹಳ ಹೊತ್ತು ನೋಡಿ, ಹಿಂದೆಯೇ ಹತ್ತಿ ಬಂದಿದ್ದ ತಂಗಿಯ ಕಡೆ ತಿರುಗಿದ.

"ಸುಧಾ, ಅನ್ನ ಮೊಸರು ಐತೇನವ್ವ?"